ಯಾವ ತೋಳಿಗೆ?

ವೇಲ್ಸಿನ ಸ್ಲೇಟುಗಣಿಯ ಊರು. ಹಳೆಯ ಚಾಪೆಲಿನಲ್ಲಿ
ಗುರುವಾರ ಗುರುವಾರ ನನ್ನ ಕ್ಲಿನಿಕ್ಕು.
ಉಪದೇಶದ ಪೀಠವಿದ್ದ ಜಾಗದಲ್ಲಿ ತೂಕದ ಯಂತ್ರ.
ಬಾಗಿಲು ತಳ್ಳಿ ಬಂದಳು ಹೆಲೆದ್, ಇಪ್ಪತ್ತೆರಡನೆಯ ವಾರ,
ಬ್ರೆಡ್ಡಂಗಡಿಯ ಹಿಟ್ಟು ಇನ್ನೂ ಮೊಣಕೈಯಲ್ಲಿ.
ಬಿಲ್ಲಿನ ಚೀಟಿಯ ಬೆನ್ನಿಗೆ ಪೆನ್ಸಿಲ್ಲಿನ ಪ್ರಶ್ನೆಗಳು;
ಎರಡನ್ನು ಹೊಡೆದುಹಾಕಿ, ಮತ್ತೆ ಬರೆದಿದ್ದಾಳೆ.

"ಚೊಚ್ಚಲಿಗೂ ಹಾಕಿಸಿಕೊಂಡಿದ್ದೆನಲ್ಲ. ಮತ್ತೆ ಯಾಕೆ?"
ಆ ಸಲ ನಿನ್ನ ರಕ್ತ ಕಟ್ಟಿಕೊಟ್ಟ ಬುತ್ತಿಯನ್ನು
ಮಾಬ್ಲಿ ಉಂಡು ಮುಗಿಸಿದಳು, ಅಂದೆ.
ಇದಕ್ಕೆ ಹೊಸದಾಗಿ ಕಟ್ಟಬೇಕು.

"ಹುಟ್ಟಿದ ಮೇಲೆ ಅದಕ್ಕೇ ಚುಚ್ಚಿದರಾಗದೆ?"
ಚುಚ್ಚುತ್ತೇವೆ, ಎಂಟನೆಯ ವಾರಕ್ಕೆ.
ಅಲ್ಲಿಯವರೆಗಿನ ದಾರಿಗೇ ಈ ಬುತ್ತಿ.

"ಜೀವಂತ ರೋಗಾಣು ಇರುತ್ತದಂತೆ?"
ಇಲ್ಲ. ಹಾವಿಲ್ಲ, ಹಾವಿನ ಪೊರೆಯ ಚೂರು.

"ನನಗೇನಾಗುತ್ತದೆ?"
ತೋಳು ನೋಯುತ್ತದೆ. ಒಂದೆರಡು ದಿನ ಮೈಕೈ ಭಾರ,
ಕೆಲವರಿಗೆ ಜ್ವರ. ಹಿಟ್ಟು ನಾದುವುದು ಗೆಥಿನನಿಗೆ ಬಿಡು.
ಅವನು ನಾದಿದರೆ ಊರಿಗೆ ಊರೇ ಹಲ್ಲು ಕಳೆದುಕೊಂಡೀತು
ಎಂದು ನಕ್ಕಳು.

ಕೊನೆಯ ಸಾಲು ಓದಲಿಲ್ಲ. ಚೀಟಿ ಮಡಿಸಿದಳು.
"ಏನೂ ಆಗುವುದಿಲ್ಲವೆಂದು ಬರೆದುಕೊಡುತ್ತೀಯಾ?"

ಇಪ್ಪತ್ತಾರು ವರ್ಷದಿಂದ ಸೂಲಗಿತ್ತಿ ನಾನು,
ಯಾವುದಕ್ಕೂ ಬರೆದುಕೊಟ್ಟವಳಲ್ಲ.
ನಿನ್ನಂಥ ಎಷ್ಟೋ ತಾಯಂದಿರ ಲೆಕ್ಕ ಇದೆ, ಕೊಡುತ್ತೇನೆ.
ಎಲ್ಲ ಕೂಸುಗಳಿಗೂ ತಡೆಯಾಗುತ್ತದೆಯೇ? ಬಹುಪಾಲು.
ಆಣೆ ಮಾತ್ರ ಕೇಳಬೇಡ.

ಮುಖ ಸಪ್ಪಗಾಯಿತು. ಕೋಟಿನ ಗುಂಡಿ ಹಾಕಿಕೊಂಡು
"ಯೋಚಿಸುತ್ತೇನೆ" ಎಂದು ಹೊರಟಳು.
ತಡೆಯಲಿಲ್ಲ.

ಹೇಳದೆ ಉಳಿದದ್ದು ಇದು:
ಇದೇ ಚಾಪೆಲಿನ ಹಿಂದೆ, ಗೋಡೆಗಂಟಿ,
ಮೊಣಕಾಲೆತ್ತರದ ಸ್ಲೇಟುಕಲ್ಲು. ಇವೋರ್, ಐದು ವಾರ.
ನನ್ನ ಅಜ್ಜಿ ಕೈನ್ವೆನಳ ತಮ್ಮ.
ಗ್ಯಾಸು ಕಾರ್ಖಾನೆಯ ಡಾಂಬರು ಹೊಗೆ ಒಳ್ಳೆಯದೆಂದು
ಯಾರೋ ಅಂದರಂತೆ; ಮುತ್ತಜ್ಜಿ ಶಾಲಿನಲ್ಲಿ ಸುತ್ತಿಕೊಂಡು
ಎರಡು ಮೈಲಿ ನಡೆದಳಂತೆ.
ದೊಡ್ಡ ಮಕ್ಕಳು ಕೆಮ್ಮಿ ಕೆಮ್ಮಿ
ಉಸಿರು ಒಳಗೆಳೆಯುವಾಗ ಊಳಿಡುತ್ತವೆ: ನಾಯಿಕೆಮ್ಮು.
ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುತ್ತಾರಲ್ಲ,
ಐದು ವಾರದ ಕೂಸಿಗೆ ಊಳಿಡುವಷ್ಟು ಎದೆಯೆಲ್ಲಿದೆ?
ಸುಮ್ಮನಾಗುತ್ತದೆ. ತುಟಿ ಸ್ಲೇಟಿನ ಬಣ್ಣಕ್ಕೆ ತಿರುಗುತ್ತದೆ.
ಅಜ್ಜಿ ಎಂಬತ್ತರಲ್ಲೂ ಹೇಳುತ್ತಿದ್ದಳು:
"ದಾರಿಯಲ್ಲೇ ಕೆಮ್ಮು ನಿಂತಿತು.
ದೇವರು ದೊಡ್ಡವನು ಅಂದಳು ಅಮ್ಮ.
ಆಮೇಲೆ ಶಾಲು ಬಿಚ್ಚಿದಳು."

ಇಷ್ಟು ಹೇಳಿದ್ದರೆ ಅಂದೇ ತೋಳು ಚಾಚುತ್ತಿದ್ದಳು.
ಅದಕ್ಕೇ ಹೇಳಲಿಲ್ಲವೋ ಏನೋ.
ಸತ್ತ ಕೂಸನ್ನು ಮುಂದಿಟ್ಟುಕೊಂಡು
ತುಂಬಿದ ಹೊಟ್ಟೆಯನ್ನು ಹೆದರಿಸಬಹುದೇ?
ಹೆದರಿಸದೆ ಬಿಡಬಹುದೇ?
ರಾತ್ರಿ ಪಾತ್ರೆ ತೊಳೆಯುತ್ತ ಎರಡೂ ಸರಿ ಅನ್ನಿಸಿತು,
ಒಂದು ಬಟ್ಟಲು ಒಡೆದೆ.

ಎರಡು ಗುರುವಾರ ಬರಲಿಲ್ಲ.
ಮೂರನೆಯದಕ್ಕೆ ಬಂದಳು, ಮಾಬ್ಲಿಯನ್ನು ಸೊಂಟಕ್ಕೇರಿಸಿಕೊಂಡು.
ಚೀಟಿ ಇರಲಿಲ್ಲ.
ಗೆಥಿನ್ ಏನಂದ, ಏನೇನು ಓದಿದೆ, ನಾನು ಕೇಳಲಿಲ್ಲ.
"ಒಂದೇ ಪ್ರಶ್ನೆ," ಅಂದಳು, "ಯಾವ ತೋಳಿಗೆ?
ಎಡತೋಳಿನ ಮೇಲೆ ಇವಳು ಮಲಗುತ್ತಾಳೆ,
ಬಲಗೈ ಹಿಟ್ಟಿಗೆ ಬೇಕು."

ಇಬ್ಬರೂ ಕೂತು ಯೋಚಿಸಿದೆವು,
ಇಷ್ಟು ದಿನದ ಕಠಿಣ ಪ್ರಶ್ನೆ ಇದೊಂದೇ ಎಂಬಂತೆ.
ಮಾಬ್ಲಿಯೇ ತೀರ್ಮಾನಿಸಿದಳು: ಅಮ್ಮನ ಎಡತೋಳು ಬಿಟ್ಟಿಳಿದು
ತೂಕದ ಯಂತ್ರ ಹತ್ತಿ ನಿಂತಳು, ಉಪದೇಶಿಯ ಹಾಗೆ.

ಸೂಜಿ ಹೊರಬಂದ ಮೇಲೆ
ಹೆಲೆದ್ ಉದ್ದಕ್ಕೆ ಉಸಿರೆಳೆದುಕೊಂಡಳು.
ಒಳಹೋದ ಆ ಉಸಿರಿಗೆ ಸದ್ದೇ ಇರಲಿಲ್ಲ.
ಕಿವಿಗೊಟ್ಟು ಕೇಳಿದೆ.